ನೀರು ಗಾಜಿನ ಒಳಗೋ, ಆಚೆಗೋ: ಕಾರಿನ ಮುಂದಿನ ಗಾಜು ಮಬ್ಬಾದರೆ ಯಾವ ಉಪಾಯ ಯಾರಿಗೆ ಸರಿ

ಕೋಲಾರದ ಕಡೆ ಮಳೆ ಗಟ್ಟಿಯಾಗಿ ಹಿಡಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಹಗಲೆಲ್ಲ ಕಾದ ರಸ್ತೆಯ ಮೇಲೆ ಸಂಜೆ ಒಂದು ಜೋರು ಮಳೆ ಸುರಿದು ನಿಂತರೆ ಟಾರಿನಿಂದ ಹಬೆ ಏಳುತ್ತದೆ, ಸೆಖೆ ಇಳಿಯುವ ಬದಲು ಮೈಗೆ ಅಂಟಿಕೊಳ್ಳುತ್ತದೆ, ಕಾರಿನ ಮುಂದಿನ ಗಾಜು ನೋಡನೋಡುತ್ತಿದ್ದಂತೆ ಬೆಳ್ಳಗಾಗುತ್ತದೆ. ಈ ಸಲ ಒಂದೇ ವಾರದಲ್ಲಿ ಮೂವರು ಇದರ ಬಗ್ಗೆ ನನ್ನನ್ನು ಕೇಳಿದರು. ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಯವರನ್ನು ಕರೆದೊಯ್ಯುವ ಕ್ಯಾಬ್ ಓಡಿಸುವ ನನ್ನ ಬಾಮೈದನಿಗೆ ಮಂಜು ತಡೆಯುವ ಸ್ಪ್ರೇ ಕೊಳ್ಳಬೇಕೇ ಬೇಡವೇ ಎಂಬ ಗೊಂದಲ. ಪಕ್ಕದ ಮನೆಯ ಮೇಷ್ಟ್ರು ತೇವ ಹೀರುವ ಚೀಲವೊಂದನ್ನು ತರಿಸಿಕೊಳ್ಳುವ ಯೋಚನೆಯಲ್ಲಿದ್ದರು. ಟೊಮೆಟೊ ಮಂಡಿಯಿಂದ ಚೆನ್ನೈಗೆ ರಾತ್ರಿ ಪಿಕಪ್ ಓಡಿಸುವ ಹುಡುಗನ ಗಾಡಿಯಲ್ಲಿ ಏಸಿಯೇ ಇಲ್ಲ. ಗಾಜಿಗೆ ಹೊಗೆಸೊಪ್ಪು ಉಜ್ಜುವ ಹಳೆಯ ಡ್ರೈವರುಗಳ ಉಪಾಯ ಈಗಲೂ ನಡೆಯುತ್ತದೆಯೇ ಎಂದು ಅವನು ಕೇಳಿದ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆಯಾಗಿತ್ತು, ಮತ್ತು ಮೂವರಲ್ಲಿ ಇಬ್ಬರಿಗೆ ತಾವು ಕೇಳಿದ ವಸ್ತು ಬೇಕಾಗಿಯೇ ಇರಲಿಲ್ಲ.

ಯಾವುದನ್ನು ಆರಿಸಿಕೊಳ್ಳಬೇಕೆಂದು ನೋಡುವ ಮೊದಲು, ಯಾವ ಅಳತೆಗೋಲಿನಿಂದ ತೂಗಬೇಕೆಂಬುದನ್ನು ಹೇಳಿಬಿಡುತ್ತೇನೆ. ಮೊದಲನೆಯದು ಮತ್ತು ಉಳಿದೆಲ್ಲಕ್ಕಿಂತ ಮುಖ್ಯವಾದದ್ದು, ನೀರು ಗಾಜಿನ ಯಾವ ಮೈಮೇಲೆ ಕೂತಿದೆ ಎಂಬುದು. ಎರಡನೆಯದು, ಉಪಾಯ ಎಷ್ಟು ಬೇಗ ಫಲ ಕೊಡುತ್ತದೆ ಎಂಬುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಹೆದ್ದಾರಿಯಲ್ಲಿ ಐದು ನಿಮಿಷ ಕಾದರೆ ಗಾಜು ತಿಳಿಯಾಗುತ್ತದೆ ಎನ್ನುವ ಸಲಹೆ ಅಲ್ಲಿ ಕೆಲಸಕ್ಕೆ ಬಾರದು. ಮೂರನೆಯದು, ಒಮ್ಮೆ ತಿಳಿಯಾದ ಗಾಜು ಎಷ್ಟು ಹೊತ್ತು ಹಾಗೇ ಉಳಿಯುತ್ತದೆ. ನಾಲ್ಕನೆಯದು, ನಮ್ಮ ಸೆಖೆಯಲ್ಲಿ ಆ ಉಪಾಯವನ್ನು ತಡೆದುಕೊಳ್ಳಲು ಸಾಧ್ಯವೇ ಎಂಬುದು. ಹೀಟರ್ ಹಾಕಿ ಎನ್ನುವ ಸಲಹೆ ಬಹುಮಟ್ಟಿಗೆ ಚಳಿದೇಶಗಳಿಂದ ಬಂದದ್ದು. ಮುಳಬಾಗಿಲಿನ ಟೋಲ್ ಬಳಿ ಬೆವರುತ್ತಾ ನಿಂತವನಿಗೆ ಅದನ್ನು ಹಾಗೇ ಹೇಳಿದರೆ ಅವನು ನಕ್ಕಾನು. ಖರ್ಚು ಕೊನೆಗೆ ಬರುತ್ತದೆ, ಏಕೆಂದರೆ ಇಲ್ಲಿನ ಒಳ್ಳೆಯ ಉಪಾಯಗಳಲ್ಲಿ ಹೆಚ್ಚಿನವು ಪುಕ್ಕಟೆಯಾಗಿವೆ.

ಮೊದಲ ಅಳತೆಗೋಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿರುವ ನೀರಿನ ಆವಿ ಒಂದು ನಿರ್ದಿಷ್ಟ ಉಷ್ಣತೆಗಿಂತ ತಣ್ಣಗಿರುವ ಮೈಯನ್ನು ಮುಟ್ಟಿದರೆ ಹನಿಯಾಗಿ ಕೂರುತ್ತದೆ. ಆ ಉಷ್ಣತೆಯನ್ನು ಇಬ್ಬನಿ ಬಿಂದು ಎನ್ನುತ್ತಾರೆ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದು ಇದೇ ಕಾರಣಕ್ಕೆ. ಆಚೆ 28 ಡಿಗ್ರಿ ಉಷ್ಣತೆ ಮತ್ತು ಶೇ. 85 ತೇವಾಂಶವಿದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಒಳಗೆ ಏಸಿಯನ್ನು 18ಕ್ಕೆ ಇಟ್ಟು ತಣ್ಣನೆಯ ಗಾಳಿಯನ್ನು ಗಾಜಿಗೆ ಬಡಿಯಲು ಬಿಟ್ಟರೆ ಗಾಜು 25ಕ್ಕಿಂತ ಕೆಳಗಿಳಿಯುತ್ತದೆ, ಚೊಂಬಿನಂತೆ ಅದರ ಹೊರಮೈ ಬೆವರುತ್ತದೆ. ಇದಕ್ಕೆ ಉಲ್ಟಾ, ಮಳೆಯಿಂದ ಗಾಜು ತಣ್ಣಗಾಗಿ ಒಳಗೆ ಜನರ ಉಸಿರು, ನೆನೆದ ಬಟ್ಟೆ, ಒದ್ದೆ ಕೊಡೆಗಳ ಆವಿ ತುಂಬಿಕೊಂಡರೆ ಒಳಮೈ ಮಬ್ಬಾಗುತ್ತದೆ. ಕಾಣುವುದಕ್ಕೆ ಎರಡೂ ಒಂದೇ ಬಿಳಿ ತೆರೆ. ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ. ಒಂದಕ್ಕೆ ಗಾಜನ್ನು ತಣ್ಣಗೆ ಮಾಡಬಾರದು, ಇನ್ನೊಂದಕ್ಕೆ ಒಳಗಿನ ಗಾಳಿಯನ್ನು ಒಣಗಿಸಬೇಕು.

ಇದನ್ನು ನಾನು ಕಲಿತದ್ದು ತಿರುಪತಿಯ ದಾರಿಯಲ್ಲಿ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಚಿತ್ತೂರು 300 ಮೀಟರ್ ಆಸುಪಾಸಿನಲ್ಲಿದೆ. ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿದರೆ ಗಾಳಿ ಒಮ್ಮೆಲೇ ಬಿಸಿಯೂ ಭಾರವೂ ಆಗುತ್ತದೆ. ನಸುಕಿನಲ್ಲಿ ಏಸಿ ಹಾಕಿಕೊಂಡು ಇಳಿಯುತ್ತಿದ್ದಾಗ ಗಾಜು ಮುಚ್ಚಿಕೊಂಡಿತು. ನಾನು ಬಟ್ಟೆ ತೆಗೆದುಕೊಂಡು ಒಳಗಿನಿಂದ ಒರೆಸಿದೆ; ಏನೂ ಆಗಲಿಲ್ಲ. ಮಂಜು ತೆಗೆಯುವ ಗುಂಡಿ ಒತ್ತಿದೆ; ತಣ್ಣನೆಯ ಗಾಳಿ ನೇರವಾಗಿ ಗಾಜಿಗೆ ಹೊಡೆದು ಮಬ್ಬು ಇನ್ನೂ ದಟ್ಟವಾಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ, ಜೀವನದಲ್ಲಿ ಒಮ್ಮೆಯೂ ಸ್ಟೀರಿಂಗ್ ಹಿಡಿಯದವರು, "ಆಚೆ ಐತೆ ಕಣಪ್ಪ, ವೈಪರ್ ಹಾಕು" ಎಂದರು. ವೈಪರ್ ಒಂದೇ ಸಲ ಆಡಿತು, ರಸ್ತೆ ಕಂಡಿತು. ಅಂದಿನಿಂದ ಏನು ಮಾಡುವುದಕ್ಕೂ ಮೊದಲು ಬೆರಳ ತುದಿಯಿಂದ ಗಾಜಿನ ಒಳಮೈಯನ್ನು ಒಂದು ಮೂಲೆಯಲ್ಲಿ ಸವರಿ ನೋಡುತ್ತೇನೆ. ಬೆರಳು ಒದ್ದೆಯಾಗಿ ಗೆರೆ ಮೂಡಿದರೆ ನೀರು ಒಳಗಿದೆ, ಇಲ್ಲವಾದರೆ ಆಚೆಗಿದೆ.

ಆಚೆಯ ಮಬ್ಬಿಗೆ

ಇಲ್ಲಿ ಆಯ್ಕೆಗಳು ಕಡಿಮೆ, ಹಣ ಖರ್ಚು ಮಾಡುವ ಅಗತ್ಯವೂ ಕಡಿಮೆ. ವೈಪರ್ ತಕ್ಷಣ ಕೆಲಸ ಮಾಡುತ್ತದೆ, ಆದರೆ ಗಾಜು ತಣ್ಣಗೇ ಇರುವವರೆಗೆ ಮಬ್ಬು ನಿಮಿಷಕ್ಕೊಮ್ಮೆ ಮರಳುತ್ತದೆ. ರಬ್ಬರ್ ಸವೆದಿದ್ದರೆ ಮತ್ತು ಗಾಜಿನ ಮೇಲೆ ದೂಳಿದ್ದರೆ ಅದು ಒರೆಸುವ ಬದಲು ಕೆಸರನ್ನು ಬಳಿಯುತ್ತದೆ, ಎದುರಿನಿಂದ ಬರುವ ಲಾರಿಯ ಹೆಡ್‌ಲೈಟಿನಲ್ಲಿ ಆ ಬಳಿತ ಮಬ್ಬಿಗಿಂತಲೂ ಅಪಾಯಕಾರಿ. ಆದ್ದರಿಂದ ವೈಪರ್ ಮೊದಲ ಹೆಜ್ಜೆ ಮಾತ್ರ. ಎರಡನೆಯ ಹೆಜ್ಜೆ, ಏಸಿಯ ಉಷ್ಣತೆಯನ್ನು 25 ಅಥವಾ 26ಕ್ಕೆ ಏರಿಸಿ, ಗಾಳಿಯ ದಿಕ್ಕನ್ನು ಗಾಜಿನಿಂದ ಬಿಡಿಸಿ ಎದೆಯ ಕಡೆಗೋ ಕಾಲಿನ ಕಡೆಗೋ ತಿರುಗಿಸುವುದು. ಡ್ಯಾಶ್‌ಬೋರ್ಡಿನ ನಡುವಿನ ವೆಂಟುಗಳು ಮೇಲ್ಮುಖವಾಗಿದ್ದರೂ ಗಾಜಿನ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ಮಬ್ಬು ಕೂರುತ್ತದೆ. ಅದನ್ನು ಕಂಡವರು ವೆಂಟನ್ನು ಕೆಳಗೆ ಬಾಗಿಸಿದರೆ ಸಾಕು. ಇದರಿಂದ ಕಳೆದುಕೊಳ್ಳುವುದು ಸ್ವಲ್ಪ ತಂಪನ್ನು ಮಾತ್ರ. ಹಿಂದೆ ಕೂತ ಮಕ್ಕಳು ಗೊಣಗುತ್ತಾರೆ, ಆದರೆ ಮತ್ತೆ ಮತ್ತೆ ವೈಪರ್ ಆಡಿಸುವ ಕಿರಿಕಿರಿಗಿಂತ ಅದು ಮೇಲು.

ಗಾಜಿನ ಹೊರಮೈಗೆ ಹಚ್ಚುವ, ಮಳೆನೀರನ್ನು ಮುತ್ತಿನಂತೆ ಉರುಳಿಸುವ ದ್ರಾವಣಗಳು ಅಂಗಡಿಗಳಲ್ಲಿ ಸಿಗುತ್ತವೆ. ಜೋರು ಮಳೆಯಲ್ಲಿ ವೇಗವಾಗಿ ಹೋಗುವವರಿಗೆ ಅವು ನಿಜಕ್ಕೂ ಉಪಯುಕ್ತ, ಆದರೆ ಮಬ್ಬಿಗೆ ಮದ್ದಲ್ಲ. ಗಾಜು ತಣ್ಣಗಿದ್ದರೆ ಅವುಗಳ ಮೇಲೂ ಹನಿ ಕೂರುತ್ತದೆ, ಕೂತ ಹನಿ ಸಣ್ಣ ಸಣ್ಣ ಗುಂಡುಗಳಾಗಿ ನಿಲ್ಲುತ್ತದೆ. ಮಂಜು ತಡೆಯಲಿಕ್ಕೆಂದು ಅದನ್ನು ಕೊಳ್ಳಬೇಡಿ.

ಒಳಗಿನ ಮಬ್ಬಿಗೆ

ಆಯ್ಕೆಗಳು ಹೆಚ್ಚಾಗಿ, ತಪ್ಪು ಹೆಜ್ಜೆಗಳೂ ಹೆಚ್ಚಾಗುವುದು ಇಲ್ಲಿಯೇ. ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ, ಬೆವರನ್ನು ಲೆಕ್ಕಕ್ಕೆ ಹಿಡಿಯದೆಯೇ, ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅಂದರೆ ಗಂಟೆಗೆ 30 ಮಿಲಿಲೀಟರಿಗೂ ಹೆಚ್ಚು. ಐದು ಜನ ಕೂತ ಕಾರಿನಲ್ಲಿ ಒಂದು ಗಂಟೆಗೆ ಒಂದು ದೊಡ್ಡ ಲೋಟದಷ್ಟು ನೀರು ಗಾಳಿಗೆ ಸೇರುತ್ತದೆ. ಈ ನೀರನ್ನು ಎಲ್ಲಿಗಾದರೂ ಸಾಗಿಸಲೇಬೇಕು. ಯಾವ ಉಪಾಯ ಅದನ್ನು ಎಷ್ಟು ಸಾಗಿಸುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಏಸಿ ಇರುವ ಗಾಡಿಗೆ ಏಸಿಗಿಂತ ಒಳ್ಳೆಯ ಉಪಾಯವಿಲ್ಲ. ಬಹಳ ಜನ ಏಸಿ ಎಂದರೆ ತಂಪು ಮಾಡುವ ಯಂತ್ರವೆಂದಷ್ಟೇ ತಿಳಿದಿದ್ದಾರೆ, ಆದರೆ ಅದು ಗಾಳಿಯನ್ನು ಒಣಗಿಸುವ ಯಂತ್ರವೂ ಹೌದು: ಗಾಳಿ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ಹಾದುಹೋಗುವಾಗ ಅದರ ತೇವ ಹನಿಗಟ್ಟಿ, ಕೊಳವೆಯೊಂದರ ಮೂಲಕ ಗಾಡಿಯ ಅಡಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ಕಾಣುವ ನೀರಿನ ಮಡು ಅದೇ. ಹೀಗಾಗಿ ಏಸಿಯ ಗುಂಡಿಯನ್ನು ಒತ್ತಿ, ಉಷ್ಣತೆಯ ತಿರುಪನ್ನು ನೀಲಿಯ ತುದಿಯಲ್ಲಿಡದೆ ನಡುವಿಗೆ ತಂದು, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಮಾಡಿದರೆ ಒಂದೆರಡು ನಿಮಿಷದಲ್ಲಿ ಒಳಮೈ ತಿಳಿಯಾಗುತ್ತದೆ. ಒಣಗಿದ, ಆದರೆ ಕೊರೆಯದ ಗಾಳಿ ಬಂದರೆ ಒಳಗಿನ ಮಬ್ಬು ಹೋಗುತ್ತದೆ, ಗಾಜು ಅತಿಯಾಗಿ ತಣ್ಣಗಾಗದೆ ಆಚೆಯ ಮಬ್ಬೂ ಹುಟ್ಟುವುದಿಲ್ಲ. ಹೀಟರನ್ನು ಪೂರ್ತಿ ಕೆಂಪಿಗೆ ತಿರುಗಿಸುವುದು ನಮ್ಮ ಹವೆಗೆ ಬೇಕಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಮೈಲೇಜಿನಲ್ಲಿ ಸ್ವಲ್ಪ ಇಳಿತ, ಅಷ್ಟೇ.

ಆ ಇಳಿತವನ್ನು ತಪ್ಪಿಸಲು ಹೋಗಿ ಜನ ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಘಾಟಿ ಹತ್ತುವಾಗ ಇಂಜಿನ್ ಎಳೆಯುತ್ತಿಲ್ಲವೆಂದು ಏಸಿ ಆರಿಸಿ, ಬ್ಲೋವರನ್ನು ಮಾತ್ರ ಬಿಟ್ಟುಕೊಳ್ಳುತ್ತಾರೆ. ಕಾಯಿಲ್ ಮೇಲೆ ಆಗಲೇ ಕೂತಿದ್ದ ನೀರು ಅದರ ತಂಪು ಇಳಿದೊಡನೆ ಮತ್ತೆ ಆವಿಯಾಗಿ ಬ್ಲೋವರಿನ ಗಾಳಿಯೊಂದಿಗೆ ಗಾಜಿಗೇ ಬಂದು ಬಡಿಯುತ್ತದೆ, ಅದೂ ತಿರುವಿನ ನಡುವೆ. ಒಳಗಿನ ಗಾಳಿಯೇ ಸುತ್ತುವಂತೆ ಬಾಗಿದ ಬಾಣದ ಗುಂಡಿಯನ್ನೂ ಒತ್ತಿದ್ದರೆ ಇನ್ನೂ ಕೆಟ್ಟದು. ಏಸಿ ಆರಿಸಲೇಬೇಕಿದ್ದರೆ ಕಿಟಕಿಯನ್ನು ಮೊದಲು ಇಳಿಸಿ, ಆಮೇಲೆ ಆರಿಸಿ.

ಕಿಟಕಿ ಇಳಿಸುವುದು ಎಲ್ಲಕ್ಕಿಂತ ಹಳೆಯ ಉಪಾಯ, ಏಸಿಯಿಲ್ಲದ ಗಾಡಿಗೆ ಇದೇ ಮುಖ್ಯ ಉಪಾಯ. ಒಂದೇ ಕಿಟಕಿಯನ್ನು ಪೂರ್ತಿ ಇಳಿಸುವುದಕ್ಕಿಂತ ಎರಡೂ ಕಡೆ ಎರಡೆರಡು ಬೆರಳಷ್ಟು ಇಳಿಸಿದರೆ ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ. ಮಳೆಯ ಎರಚಲನ್ನು ತಡೆಯಲು ಕಿಟಕಿಯ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ಮುಚ್ಚಳಗಳು ಸಿಗುತ್ತವೆ, ಹೆಚ್ಚು ಓಡಾಡುವವರಿಗೆ ಅವು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಲಾರಿ ಡ್ರೈವರುಗಳು ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸಿಕೊಳ್ಳುವ ಪುಟ್ಟ ಫ್ಯಾನನ್ನು ತಮ್ಮ ಮುಖದ ಬದಲು ಗಾಜಿಗೆ ತಿರುಗಿಸಿದರೆ ಕಣ್ಣಿನ ಮಟ್ಟದಲ್ಲಿ ಒಂದು ತಟ್ಟೆಯಗಲದಷ್ಟು ಜಾಗ ತಿಳಿಯಾಗಿ ಉಳಿಯುತ್ತದೆ. ಪಿಕಪ್ ಹುಡುಗನಿಗೆ ನಾನು ಹೇಳಿದ್ದು ಈ ಎರಡನ್ನೂ ಕೂಡಿಸಿ ಮಾಡಲು. ಅವನ ಹೊಗೆಸೊಪ್ಪಿನ ಪ್ರಶ್ನೆಗೆ ಉತ್ತರವೂ ಇದೆ: ವೈಪರ್ ಕೆಟ್ಟು ಹೋದಾಗ ಹೊರಮೈಗೆ ಒದ್ದೆ ಹೊಗೆಸೊಪ್ಪನ್ನೋ ಕತ್ತರಿಸಿದ ಆಲೂಗಡ್ಡೆಯನ್ನೋ ಉಜ್ಜಿದರೆ ನೀರು ಹನಿಯಾಗದೆ ತೆಳುವಾಗಿ ಹರಡಿ, ಹತ್ತಿರದ ಗ್ಯಾರೇಜ್ ತಲುಪುವಷ್ಟು ದಾರಿ ಕಾಣುತ್ತದೆ. ಅದು ಆಪತ್ತಿನ ಉಪಾಯ. ಒಳಮೈಗೆ ಅದನ್ನು ಉಜ್ಜಿದರೆ ಒಣಗಿದ ಮೇಲೆ ಕಂದುಬಣ್ಣದ ಕಲೆ ಉಳಿದು, ಮರುದಿನ ಬಿಸಿಲಿನಲ್ಲಿ ಗಾಜು ಕಣ್ಣಿಗೆ ಹೊಡೆಯುತ್ತದೆ.

ಸ್ಪ್ರೇಗಳ ಕೆಲಸವೂ ಬಹುಮಟ್ಟಿಗೆ ಇದೇ ತತ್ತ್ವದ್ದು. ಅವು ತೇವವನ್ನು ತೆಗೆಯುವುದಿಲ್ಲ. ಕೂತ ನೀರು ಕಣಕಣವಾಗಿ ಬೆಳಕನ್ನು ಚದುರಿಸುವ ಬದಲು ಕಾಣದಷ್ಟು ತೆಳ್ಳಗಿನ ಪದರವಾಗಿ ಹರಡುವಂತೆ ಮಾಡುತ್ತವೆ. ಸಾಬೂನಿನ ಗುಣವೂ ಅದೇ ಆದ್ದರಿಂದ, ಒಂದೆರಡು ರೂಪಾಯಿಯ ಶಾಂಪೂ ಪ್ಯಾಕೆಟ್ಟಿನಿಂದಲೂ ಇದೇ ಕೆಲಸ ಆಗುತ್ತದೆ. ನಾನು ಎರಡನ್ನೂ ಒಂದೇ ಗಾಜಿನ ಮೇಲೆ ಪ್ರಯೋಗ ಮಾಡಿದ್ದೇನೆ: ಎಡ ಅರ್ಧಕ್ಕೆ ಸ್ಪ್ರೇ, ಬಲ ಅರ್ಧಕ್ಕೆ ಅರ್ಧ ಮಗ್ ನೀರಿನಲ್ಲಿ ಕೆಲವು ಹನಿ ಶಾಂಪೂ ಬೆರೆಸಿ ಹಿಂಡಿದ ಬಟ್ಟೆ. ಮೊದಲ ಎರಡು ದಿನ ವ್ಯತ್ಯಾಸ ತಿಳಿಯಲೇ ಇಲ್ಲ. ಮೂರನೆಯ ದಿನ ಶಾಂಪೂವಿನ ಕಡೆ ಮಬ್ಬು ಮರಳಿತು, ರಾತ್ರಿ ಎದುರಿನ ದೀಪಗಳ ಸುತ್ತ ಸಣ್ಣ ಪ್ರಭೆಯೂ ಕಾಣಿಸಿಕೊಂಡಿತು. ಸ್ಪ್ರೇ ಹಚ್ಚಿದ ಭಾಗ ವಾರಕ್ಕೂ ಹೆಚ್ಚು ಬಾಳಿತು. ಯಾವುದನ್ನು ಹಚ್ಚಿದರೂ ಗಾಜು ಮೊದಲು ಚೊಕ್ಕಟವಾಗಿ ಒಣಗಿರಬೇಕು, ಹಚ್ಚಿದ್ದನ್ನು ಒಣ ಬಟ್ಟೆಯಿಂದ ಹೊಳಪು ಬರುವವರೆಗೆ ಉಜ್ಜಬೇಕು, ಆಮೇಲೆ ಕೈಯಿಂದಲೋ ಬಟ್ಟೆಯಿಂದಲೋ ಮುಟ್ಟಬಾರದು. ಒಂದು ಸಲ ಒರೆಸಿದರೆ ಆ ಪದರವೇ ಹೋಗುತ್ತದೆ. ಅಪರೂಪಕ್ಕೆ ಓಡಿಸುವವರಿಗೆ ಶಾಂಪೂ ಸಾಕು. ಬಾಮೈದನಿಗೆ ಮಾತ್ರ ಸ್ಪ್ರೇ ಕೊಳ್ಳಲು ಹೇಳಿದೆ, ಏಕೆಂದರೆ ಬೆಳಗಿನ ಐದು ಗಂಟೆಗೆ ಗಾಡಿ ತುಂಬ ಜನ ಹತ್ತಿ, ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆದು, ಮಳೆಯಲ್ಲಿ ನೆನೆದವರು ಒಳಬರುವಾಗ ಏಸಿಗೂ ಹಿಡಿತ ಸಿಗುವುದಿಲ್ಲ, ಮತ್ತು ದಿನವೂ ಅದೇ ದಾರಿ ಓಡುವವನಿಗೆ ಕೆಲವು ನೂರು ರೂಪಾಯಿಯ ಡಬ್ಬಿ ಇಡೀ ಮಳೆಗಾಲಕ್ಕೆ ಬರುತ್ತದೆ.

ಆದರೆ ಸ್ಪ್ರೇಗಿಂತ ಮೊದಲು ಅವನಿಂದ ಗಾಜನ್ನು ತೊಳೆಸಿದೆ. ಹೊಸ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಒಳಮೈ ಮೇಲೆ ಎಳೆದರೆ ಅದು ಬೂದುಬಣ್ಣಕ್ಕೆ ತಿರುಗಿತು. ದೂಳು ಮಾತ್ರವಲ್ಲ, ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಮತ್ತು ಅದಕ್ಕೆ ಬಳಿದ ಪಾಲಿಶ್‌ನಿಂದ ಏಳುವ ಜಿಡ್ಡಿನ ಆವಿಯೂ ಗಾಜಿಗೆ ಅಂಟಿರುತ್ತದೆ. ಅಂಥ ಗಾಜಿನ ಮೇಲೆ ಹನಿ ಬೇಗ ಕಚ್ಚುತ್ತದೆ, ಒಣಗಿದ ಮೇಲೂ ಹೊಗೆಯಂತೆ ಕಾಣುತ್ತದೆ. ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ, ಎರಡೂ ಮೈಕ್ರೋಫೈಬರಿನದಾಗಿದ್ದರೆ ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ. ಇಡೀ ಬರಹದಲ್ಲಿ ಒಂದೇ ಒಂದು ಉಪಾಯವನ್ನು ಮಾಡುವ ತಾಳ್ಮೆ ಇರುವವರು ಇದನ್ನೇ ಮಾಡಲಿ.

ಇನ್ನು ಮೇಷ್ಟ್ರ ತೇವ ಹೀರುವ ಚೀಲ. ಸಿಲಿಕಾ ಜೆಲ್ ತುಂಬಿದ ಅರ್ಧ ಕೆಜಿಯ ಚೀಲ, ಗಾಳಿ ತುಂಬಾ ಒದ್ದೆಯಾಗಿದ್ದಾಗಲೂ, ಹೆಚ್ಚೆಂದರೆ 200 ಮಿಲಿಲೀಟರ್ ನೀರು ಹಿಡಿದೀತು, ಅದಕ್ಕೂ ಗಂಟೆಗಟ್ಟಲೆ ಹೊತ್ತು ಬೇಕು. ಐದು ಜನರ ಒಂದು ಗಂಟೆಯ ಉಸಿರಿನ ಲೆಕ್ಕವನ್ನು ಮೇಲೆ ನೋಡಿದ್ದೇವೆ. ಓಡುವ ಕಾರಿಗೆ ಈ ಚೀಲ ಸಮುದ್ರಕ್ಕೆ ಹಾಕಿದ ಹುಳಿಯಂತೆ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಅದಕ್ಕೆ ಒಂದಿಷ್ಟು ಅರ್ಥವಿದೆ, ಆದರೆ ಅದನ್ನು ಮತ್ತೆ ಒಣಗಿಸಲು ಚೆನ್ನಾಗಿ ಕಾಯಿಸಬೇಕು, ಬಿಸಿಲಿಗೆ ಇಟ್ಟರೆ ಪೂರ್ತಿ ಒಣಗುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಡಬ್ಬಿಗಳು ಹೆಚ್ಚು ನೀರು ಹೀರುತ್ತವೆ, ಆದರೆ ಹೀರಿದ್ದು ಉಪ್ಪಿನ ದ್ರವವಾಗಿ ಡಬ್ಬಿಯೊಳಗೇ ನಿಲ್ಲುತ್ತದೆ. ರಸ್ತೆಯ ಉಬ್ಬಿಗೆ ಅದು ಉರುಳಿ ಚೆಲ್ಲಿದರೆ ಕಾರ್ಪೆಟ್ ಒಣಗುವುದೇ ಇಲ್ಲ, ಅದರ ಕೆಳಗಿನ ತಗಡಿಗೆ ತುಕ್ಕು ಹಿಡಿಯುತ್ತದೆ. ಮೇಷ್ಟ್ರ ಕಾರಿನಲ್ಲಿ ಇದ್ದದ್ದೇನೆಂದರೆ ಒದ್ದೆ ಕೊಡೆ, ನೆನೆದ ಮ್ಯಾಟು, ಡಿಕ್ಕಿಯಲ್ಲಿ ಎರಡು ವಾರದಿಂದ ಬಿದ್ದಿದ್ದ ಗೋಣಿಚೀಲ. ಅವನ್ನು ತೆಗೆಸಿ, ರಾತ್ರಿ ಮ್ಯಾಟಿನ ಜಾಗದಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಬಿಸಿಲು ಬಿದ್ದ ದಿನ ನಾಲ್ಕೂ ಬಾಗಿಲು ಹತ್ತು ನಿಮಿಷ ತೆರೆದಿಡಿ ಎಂದೆ. ಚೀಲದ ದುಡ್ಡು ಉಳಿಯಿತು.

ಹಿಂದಿನ ಗಾಜಿಗೆ ಬಿಸಿ ತಂತಿಗಳ ಡಿಫಾಗರ್ ಇದ್ದರೆ ಅದನ್ನು ಬಳಸಿ. ಕಾರು ಕೊಳ್ಳುವವರು ಕಡಿಮೆ ಬೆಲೆಯ ಮಾದರಿಯಲ್ಲಿ ಅದು ಇಲ್ಲದಿರಬಹುದೆಂದು ಮೊದಲೇ ವಿಚಾರಿಸಿಕೊಳ್ಳಲಿ. ಮುಂದಿನ ಗಾಜಿಗೆ ಮಂಜು ತಡೆಯುವ ಫಿಲ್ಮ್ ಅಂಟಿಸುವ ಗೋಜಿಗೆ ಮಾತ್ರ ಹೋಗಬೇಡಿ. ಮುಂದಿನ ಗಾಜಿನ ಮೂಲಕ ಶೇ. 70ರಷ್ಟಾದರೂ ಬೆಳಕು ಹಾಯಬೇಕೆಂಬ ನಿಯಮವಿದೆ, ಮತ್ತು ಅಂಚಿನಲ್ಲಿ ಗುಳ್ಳೆಯೆದ್ದ ಫಿಲ್ಮ್ ಮಬ್ಬಿಗಿಂತ ದೊಡ್ಡ ತಲೆನೋವು.

ಇಷ್ಟೆಲ್ಲ ಮಾಡಿಯೂ ಒಳಗಿನ ಮಬ್ಬು ದಿನವೂ ಮರಳುತ್ತಿದ್ದರೆ ಏನನ್ನೂ ಕೊಳ್ಳದೆ ಗಾಡಿಯನ್ನೇ ನೋಡಬೇಕು. ಬ್ಲೋವರಿನ ಗಾಳಿ ಕ್ಷೀಣವಾಗಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ನಮ್ಮ ದೂಳಿನ ರಸ್ತೆಗಳಲ್ಲಿ ಕೈಪಿಡಿ ಹೇಳುವುದಕ್ಕಿಂತ ಬೇಗ ಕಟ್ಟುತ್ತದೆ. ಗಾಜಿನ ಮೇಲೆ ಕೂರುವ ತೇವ ಜಿಡ್ಡಾಗಿದ್ದು ಒಳಗೆ ಸಿಹಿಯಾದ ವಾಸನೆ ಬರುತ್ತಿದ್ದರೆ ಅದು ಬರೀ ನೀರಲ್ಲ, ಹೀಟರಿನಿಂದ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಸೋರುತ್ತಿರಬಹುದು, ಅದನ್ನು ಮುಂದೂಡಬೇಡಿ. ನನ್ನ ಕಾರಿನಲ್ಲಿ ಎರಡು ತಿಂಗಳು ಕಾಡಿದ್ದು ಇನ್ನೊಂದು ಬಗೆಯ ತೊಂದರೆ. ಸರ್ವಿಸ್ ಕೇಂದ್ರವೊಂದರಲ್ಲಿ ಏಸಿಗೆ ಗ್ಯಾಸ್ ತುಂಬಿಸಿ ಬಿಲ್ ಕೊಟ್ಟರು, ಮಬ್ಬು ಹಾಗೇ ಉಳಿಯಿತು. ಕೊನೆಗೆ ಒಂದು ಭಾನುವಾರ ಎಡಗಡೆಯ ಮುಂದಿನ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಸ್ಪಂಜಿನಂತೆ ನೀರು ಕುಡಿದು ಕೂತಿತ್ತು. ಊರಿನ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ, ಏಸಿಯ ನೀರು ಹೋಗುವ ಕೊಳವೆಯ ಬಾಯಿಗೆ ಸೈಕಲ್ ಕಡ್ಡಿಯೊಂದನ್ನು ಮೆಲ್ಲಗೆ ಆಡಿಸಿದ. ಕಣಜ ಕಟ್ಟಿದ್ದ ಬೆರಳುದ್ದದ ಮಣ್ಣಿನ ಗೂಡು ಪುಡಿಯಾಗಿ ಬಿತ್ತು, ಅದರ ಹಿಂದೆಯೇ ಒಂದು ಚೊಂಬಿಗೂ ಹೆಚ್ಚು ನೀರು ಅವನ ತೋಳಿನ ಮೇಲೆ ಸುರಿಯಿತು. ಅವನು ತೆಗೆದುಕೊಂಡದ್ದು ನೂರು ರೂಪಾಯಿ. ಕಾರ್ಪೆಟ್ ಒಣಗಲು ಮೂರು ದಿನದ ಬಿಸಿಲು ಬೇಕಾಯಿತು, ಆ ಮೂರು ದಿನ ಬಸ್ಸಿನಲ್ಲಿ ಓಡಾಡಿದೆ.